ಬೋಟಿನ ಕಟ್ಟೆಯಿಂದ ಅಜ್ಜ ಎದ್ದ ಶ್ರಾವಣ

ವಾಸನೆಯೊಂದು ಮನುಷ್ಯನನ್ನು ಹಿಡಿದು ಹಿಂದಕ್ಕೆ ಎಳೆಯುತ್ತದೆ ಎಂಬ ಮಾತನ್ನು ನಾನು ನಂಬುತ್ತಿರಲಿಲ್ಲ. ಅದು ಬರೆಯುವವರು ತಮ್ಮ ಅನುಕೂಲಕ್ಕೆ ಕಟ್ಟಿಕೊಂಡ ನೆಪ ಎಂದೇ ನನ್ನ ವಾದ. ಕಳೆದ ವಾರ ಹುಕ್ಕೇರಿ ಕೋರ್ಟಿನ ಕೆಲಸ ಮುಗಿಸಿ ಗೋಕಾಕದ ಬಸ್ಸು ಹತ್ತಿದೆ. ಮಳೆಯಲ್ಲಿ ತೊಯ್ದ ಕರಿ ಕಂಬಳಿ ಹೊದ್ದ ಮುದುಕರೊಬ್ಬರು ಬಾಜೂ ಸೀಟಿಗೆ ಬಂದು ಕೂತರು. ಹಸಿ ಉಣ್ಣೆಯ ವಾಸನೆಯೂ ಡೀಸೆಲ್ಲಿನ ವಾಸನೆಯೂ ಕೂಡಿದವು. ನನ್ನ ಕೈ ತಾನಾಗಿ ಮುಂದಿನ ಸೀಟಿನ ಸರಳನ್ನು ಬಿಗಿಯಾಗಿ ಹಿಡಿದುಕೊಂಡಿತು. ಬಸ್ಸು ಇನ್ನೂ ನಿಂತೇ ಇತ್ತು.

ಆ ವಾದದಲ್ಲಿ ಸೋತೆ ಎಂದು ಒಪ್ಪಿಕೊಂಡೇ ಮುಂದೆ ಬರೆಯುತ್ತೇನೆ. ನಾಲ್ಕು ವರ್ಷದ ಹಿಂದಿನ ಶ್ರಾವಣ ಅದು.

ಮಮದಾಪುರದಿಂದ ಆಚೆ, ಕಾಲುವೆಯ ನೀರು ಬಂದು ಬೀಳುವ ಕೆರೆಯ ದಂಡೆಗೆ ನಮ್ಮ ಮನೆಯವರದೊಂದು ಪಾರ್ಕಿದೆ. ಬೋರ್ಡಿನ ಮೇಲೆ ಏನೋ ಉದ್ದನೆಯ ಹೆಸರು ಬರೆಸಿದ್ದಾರೆ. ಆದರೆ ಮೂಡಲಗಿಯಿಂದ ಹುಕ್ಕೇರಿಯವರೆಗೆ ಎಲ್ಲರ ಬಾಯಲ್ಲೂ ಅದು ‘ಯಲ್ಲಪ್ಪನ ಪಾರ್ಕು’. ಯಲ್ಲಪ್ಪ ನನ್ನ ಅಜ್ಜ. ಪಾರ್ಕು ಹುಟ್ಟಿದ್ದಕ್ಕೆ ಮನೆಯಲ್ಲಿ ಎರಡು ಕಥೆಗಳಿವೆ, ಎರಡಕ್ಕೂ ಸಾಕ್ಷಿ ದುರ್ಬಲ. ಅಜ್ಜ ಹೇಳುವ ಪ್ರಕಾರ, ಅವನು ಕೆರೆದಂಡೆಯ ಹೊಲದಲ್ಲಿ ಕುರಿ ನಿಲ್ಲಿಸಿದ್ದ ಒಂದು ವರ್ಷ, ನಾಗರ ಪಂಚಮಿಗೆ ಹುಣಸೆ ಮರಕ್ಕೆ ಜೋಕಾಲಿ ಕಟ್ಟಿದ. ಸುತ್ತಲಿನ ಊರುಗಳಿಗೆ ತವರಿಗೆ ಬಂದಿದ್ದ ಹೆಣ್ಣುಮಕ್ಕಳೆಲ್ಲ ಜೀಕಲು ಬಂದರು. ಅಜ್ಜಿ ಬದುಕಿದ್ದಾಗ ಹೇಳುತ್ತಿದ್ದದ್ದೇ ಬೇರೆ. ಜೋಕಾಲಿ ಕಟ್ಟಿದ್ದು ಅವಳೊಬ್ಬಳಿಗಾಗಿ, ಮಂದಿ ಬಂದದ್ದು ಅವಳ ಶೇಂಗಾ ಉಂಡಿಯ ಸುದ್ದಿ ಕೇಳಿ! ಇಬ್ಬರೂ ಒಪ್ಪಿದ ಸಂಗತಿ ಇಷ್ಟೇ: ಜೋಕಾಲಿ ಆದಮೇಲೆ ಕೈಯಿಂದ ತಿರುಗಿಸುವ ಕಟ್ಟಿಗೆಯ ತೊಟ್ಟಿಲು ಬಂತು, ಆಮೇಲೆ ಹಂಸದ ಮೋರೆಯ ಪೆಡಲ್ ಬೋಟು, ಆಮೇಲೆ ಮೋಟಾರಿನ ದೊಡ್ಡ ತೊಟ್ಟಿಲು, ಕಡೆಗೆ ಇಪ್ಪತ್ತು ಜನ ಕೂರುವ ಡೀಸೆಲ್ ಬೋಟು.

ಆ ದೊಡ್ಡ ಬೋಟು ಕೆರೆಯ ನಡುವಿನ ಗಡ್ಡೆಗೆ ಹೋಗುತ್ತದೆ. ಗಡ್ಡೆಯ ಮೇಲೊಂದು ಹಳೆಯ ಕಲ್ಲಿನ ಗುಡಿ, ಅದರ ಸುತ್ತ ಜಾಲಿ ಗಿಡಗಳು. ಜನ ಇಳಿದು, ಬುತ್ತಿ ಬಿಚ್ಚಿ ಉಂಡು, ಮುಂದಿನ ಟ್ರಿಪ್ಪಿಗೆ ಮರಳುತ್ತಾರೆ.

ಪಾರ್ಕಿನ ಉಳಿದ ಕಾರಭಾರವೆಲ್ಲ ಲಕ್ಕಪ್ಪ ಕಾಕಾನದು. ಬೋಟಿನ ಕಟ್ಟೆ ಮಾತ್ರ ಅಜ್ಜನದು. ಕಲ್ಲಿನ ಮೆಟ್ಟಿಲುಗಳ ತುದಿಯಲ್ಲಿ ಸ್ಟೂಲು ಹಾಕಿಕೊಂಡು, ಹೋಗುವವರನ್ನೂ ಬರುವವರನ್ನೂ ನೋಡುತ್ತ ಕೂಡುತ್ತಿದ್ದ. ನೋಡುತ್ತಿದ್ದ ಎಂದೆ, ಎಣಿಸುತ್ತಿದ್ದ ಎನ್ನಲಿಲ್ಲ. ನಮ್ಮ ಅಜ್ಜ ಜೀವ ಇದ್ದದ್ದನ್ನು ಎಣಿಸುವವನಲ್ಲ. ಕುರಿ ಕಾಯುವಾಗಿನಿಂದ ಬಂದ ರೂಢಿ ಅದು. ಹಿಂಡನ್ನು ಎಣಿಸಿದರೆ ಹಿಂಡು ಕಡಿಮೆಯಾಗುತ್ತದೆ. ಇನ್ನೂರು ಕುರಿ ಹಟ್ಟಿಗೆ ಮರಳಿದಾಗ ಅವನು ಬಾಗಿಲಲ್ಲಿ ಸುಮ್ಮನೆ ನಿಂತಿರುತ್ತಿದ್ದ, ಕಡೆಗೆ ‘ಕಿವಿ ಹರಿದದ್ದು ಬಂದಿಲ್ಲ’ ಎನ್ನುತ್ತಿದ್ದ. ಮನುಷ್ಯರಿಗೂ ಅದೇ ಪದ್ಧತಿ.

ಆ ವರ್ಷ ಆಷಾಢದಲ್ಲಿ ತಾಲೂಕಿನಿಂದ ಒಬ್ಬ ಸಾಹೇಬರು ಬಂದರು. ಬೋಟು ಓಡಿಸುವ ಜಾಗಗಳನ್ನೆಲ್ಲ ನೋಡಿಕೊಂಡು ಹೊರಟಿದ್ದರು. ಲೈಫ್ ಜಾಕೆಟ್ಟು ನೋಡಿದರು, ಬೋಟಿನ ತಳ ನೋಡಿದರು, ಆಮೇಲೆ ಅಜ್ಜನ ಮುಂದೆ ನಿಂತರು.

“ಈಗ ಗಡ್ಡೀ ಮ್ಯಾಲ ಎಷ್ಟ ಮಂದಿ ಅದಾರ, ಅಜ್ಜಾರ?”

“ಹೋದವರೆಲ್ಲಾ ಅದಾರ್ರಿ.”

“ಹೋದವರು ಎಷ್ಟು?”

“ಬಂದಾಗ ನೀವ ನೋಡ್ರಲ್ಲ.”

ಸಾಹೇಬರು ನಗಲಿಲ್ಲ. ಪಂಚಮಿಯೊಳಗೆ ಎಣಿಕೆಯ ವ್ಯವಸ್ಥೆ ಆಗದಿದ್ದರೆ ಬೋಟು ನಿಲ್ಲಿಸುವುದಾಗಿ ಹೇಳಿ ಹೋದರು. ಪಂಚಮಿಯೆಂದರೆ ನಮ್ಮ ಪಾರ್ಕಿಗೆ ವರ್ಷದ ದೊಡ್ಡ ದಿನ.

ನಾನು ಆಗಷ್ಟೇ ಬೆಳಗಾವಿಯಲ್ಲಿ ಕಾನೂನು ಓದು ಮುಗಿಸಿ ಬಂದಿದ್ದೆ. ಕಾಲೇಜಿನ ಐದು ವರ್ಷದಲ್ಲಿ ಚರ್ಚಾಸ್ಪರ್ಧೆಗೆ ಹೋಗಿ ಬರಿಗೈಯಲ್ಲಿ ಬಂದದ್ದು ಕಡಿಮೆ. ಎದುರಾಳಿ ಒಂದು ಕ್ಷಣ ತಡವರಿಸಿದರೆ ಸಾಕು, ಅಲ್ಲೇ ಹೊಕ್ಕು ಅವನ ಮಾತನ್ನೆಲ್ಲ ಬಿಚ್ಚಿಹಾಕಬೇಕೆಂದು ನಮಗೆ ಕಲಿಸಿದ್ದರು. ಕಾಕಾಗೆ ತನ್ನ ಅಪ್ಪನೆದುರು ಮಾತಾಡಲು ಧೈರ್ಯವಿರಲಿಲ್ಲ. ನನ್ನನ್ನು ಮುಂದೆ ಬಿಟ್ಟ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ನಾನೇ ಮಾತು ತೆಗೆದೆ.

“ಅಜ್ಜಾ, ಮಂದಿ ಅಂದ್ರ ಕುರಿ ಅಲ್ಲ.”

“ಗೊತ್ತೈತಿ,” ಎಂದ ಅಜ್ಜ, ರೊಟ್ಟಿ ಮುರಿಯುತ್ತ. “ಕುರಿ ಹೇಳಿದ್ದ ಕೇಳ್ತಾವ.”

“ಚ್ಯಾಷ್ಟಿ ಬ್ಯಾಡ. ನಿನಗ ಒಂದ ಕಣ್ಣಾಗ ಪೊರಿ ಐತಿ, ಹೌದಲ್ಲೋ?”

“ಐತಿ.”

“ಮಧ್ಯಾಹ್ನ ನಿನಗ ಜ್ವಂಪ ಹತ್ತತೈತಿ.”

“ವಯಸ್ಸಾತವಾ.”

“ನೀ ನೋಡಿದ್ದ ಖರೆ ಅನ್ನಾಕ ನಿನ್ನ ಬಿಟ್ರ ಬ್ಯಾರೆ ಸಾಕ್ಷಿ ಐತೇನ?”

ಅಜ್ಜ ರೊಟ್ಟಿ ಕೆಳಗಿಟ್ಟ. ಕಾಕಾ ತಲೆ ಎತ್ತಲಿಲ್ಲ. “ಇಷ್ಟ ವರ್ಷ ಯಾರರ ಹಿಂದ ಉಳದಾರೇನ, ಮಾಲವ್ವಾ?” ಎಂದು ಅಜ್ಜ ಕೇಳಿದ.

“ಇಷ್ಟ ವರ್ಷ ಆಗಿಲ್ಲ ಅಂದ್ರ ಮುಂದ ಆಗಂಗಿಲ್ಲ ಅಂತ ಅರ್ಥ ಅಲ್ಲ.”

ಈಗಲೂ ಹೇಳುತ್ತೇನೆ, ಆ ವಾದದಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ಅಜ್ಜ ಕೈ ತೊಳೆದುಕೊಂಡು ಎದ್ದ. ಮರುದಿನ ಕಟ್ಟೆಯ ಮೇಲೆ ಸ್ಟೂಲಿರಲಿಲ್ಲ. ಹುಣಸೆ ಮರದ ಕೆಳಗೆ ಹೊರಸು ಹಾಕಿಕೊಂಡು, ಕಂಬಳಿ ಹೊದ್ದು ಮಲಗಿದ್ದ. ಅಲ್ಲಿಂದ ಬೋಟಿನ ಕಟ್ಟೆಗೆ ಐವತ್ತು ಹೆಜ್ಜೆ.

ಕಾಕಾ ಪ್ಲೈವುಡ್ಡಿನಲ್ಲಿ ನಲವತ್ತು ಬಿಲ್ಲೆ ಕೊಯ್ದು ಕೆಂಪು ಬಣ್ಣ ಬಳಿದ. ನಾನು ನಂಬರು ಬರೆದೆ. ಒಂದು ಹಲಗೆಗೆ ನಲವತ್ತು ಮೊಳೆ ಹೊಡೆದೆವು. ಗಡ್ಡೆಗೆ ಹೋಗುವವರಿಗೆ ತಲೆಗೊಂದು ಬಿಲ್ಲೆ. ಮರಳಿದವರು ಬಿಲ್ಲೆ ಕೊಟ್ಟರೆ ಮೊಳೆಗೆ ತೂಗುಹಾಕುವುದು. ಜಾಕೆಟ್ಟುಗಳನ್ನು ಎಣಿಸಿ ಉಪಯೋಗವಿರಲಿಲ್ಲ, ಅವು ಬೋಟಿನಲ್ಲೇ ಉಳಿದು ಮುಂದಿನವರ ಮೈಮೇಲೆ ಬರುತ್ತಿದ್ದವು. ಎಲ್ಲ ಮೊಳೆ ತುಂಬಿದರೆ ಗಡ್ಡೆ ಖಾಲಿ. ಇದಕ್ಕಿಂತ ಸರಳ ಸಾಕ್ಷ್ಯ ಯಾವ ಕೋರ್ಟಿಗೂ ಸಿಗಲಿಕ್ಕಿಲ್ಲ ಎಂದು ನನಗೆ ಹೆಮ್ಮೆ. ಸಾಹೇಬರು ಬಂದು ನೋಡಿ ತಲೆದೂಗಿದರು.

ಪಂಚಮಿಯ ದಿನ ಬೆಳಗಿನಿಂದ ಜಿಟಿಜಿಟಿ. ಮಂದಿಗೆ ಅದರ ಪರಿವೆ ಇರಲಿಲ್ಲ. ಅಂಕಲಗಿಯಿಂದ, ಕೌಜಲಗಿಯಿಂದ, ಮೂಡಲಗಿಯಿಂದ ಟಂಟಂ ರಿಕ್ಷಾಗಳು ಬಂದವು, ಟ್ರ್ಯಾಕ್ಟರುಗಳು ಬಂದವು. ಹುಣಸೆ ಮರದ ಜೋಕಾಲಿಗೆ ಸರದಿ ಹಚ್ಚಿದ್ದರು. ಜೋಳದ ಅರಳು ಕಾಲಡಿ ಬಿದ್ದು ಕೆಸರಿನಲ್ಲಿ ಬೆಳ್ಳಗೆ ಕಾಣುತ್ತಿದ್ದವು. ದೊಡ್ಡ ತೊಟ್ಟಿಲಿನ ಕಂಬಕ್ಕೆ ಕಟ್ಟಿದ ಸ್ಪೀಕರು ಒಂದೇ ಸಮನೆ ಕಿರುಚುತ್ತಿತ್ತು.

ಎರಡು ಗಂಟೆಗೆ ಪಡುವಣ ಗಾಳಿ ಎದ್ದಿತು. ಜಲಾಶಯ ತುಂಬಿದ್ದರಿಂದ ಕೆರೆಗಳಿಗೆ ಹರಿಸಲೆಂದು ಕಾಲುವೆಗೆ ನೀರು ಬಿಟ್ಟಿದ್ದರು. ಮೂರು ಗಂಟೆಗೆ ನೋಡಿದರೆ ಕಟ್ಟೆಯ ಕೆಳಗಿನ ಎರಡು ಮೆಟ್ಟಿಲು ಕಾಣಲಿಲ್ಲ. ನಾಲ್ಕಕ್ಕೆ ಮೂರನೆಯದೂ ಹೋಯಿತು.

“ಸಾಕ್ ಮಾಡೂಣು ಕಾಕಾ. ಇನ್ನ ಗಡ್ಡಿಗೆ ಯಾರನ್ನೂ ಒಯ್ಯೂದ ಬ್ಯಾಡ. ಇದ್ದವರನ್ನ ತಾ,” ಎಂದೆ.

ಗಡ್ಡೆಯ ಮೇಲಿದ್ದವರನ್ನು ಕಾಕಾ ಎರಡು ಟ್ರಿಪ್ಪಿನಲ್ಲಿ ತಂದ. ಎರಡನೆಯ ಸಲ ಬೋಟು ದಂಡೆಗೆ ತಾಗುವಾಗಲೇ ಗಾಳಿಗೆ ಅಡ್ಡ ತಿರುಗಿತು. ಹೆಂಗಸರು ಕೂಗಿಕೊಂಡರು. ಹಗ್ಗ ಹಿಡಿಯುವುದು, ಕೈಕೊಟ್ಟು ಇಳಿಸುವುದು, ಬಿಲ್ಲೆ ಇಸಿದುಕೊಳ್ಳುವುದು, ಎಲ್ಲ ನಾನೇ. ಕೌಜಲಗಿಯ ಒಬ್ಬ ಮುದುಕಿ ನನ್ನ ಮುಂದೆ ನಿಂತು ಸೊಂಟದ ಸಂಚಿ ಬಿಚ್ಚಿದಳು. ಅಡಿಕೆ, ಎಲೆ, ಸುಣ್ಣದ ಡಬ್ಬಿಯ ನಡುವಿನಿಂದ ಏಳು ಬಿಲ್ಲೆ ತೆಗೆದು ನನ್ನ ಕೈಗೆ ಹಾಕಿದಳು.

“ನಮ್ಮ ಮನಿ ಮಂದೀದು ಎಲ್ಲಾ ಅದಾವ ನೋಡ್ ಯವ್ವಾ. ಒಂದೂ ಕಳದಿಲ್ಲ.”

“ಭಾರಿ ಶಿಸ್ತ್ ನೋಡ್ರಿ ನಿಮ್ದು,” ಎಂದು ಹೊಗಳಿ, ಏಳನ್ನೂ ಮೊಳೆಗೆ ಹಾಕಿದೆ. ಅವಳ ಹಿಂದೆ ಎಷ್ಟು ಜನರಿದ್ದರು ಎಂದು ಕತ್ತೆತ್ತಿ ನೋಡಲಿಲ್ಲ. ನೋಡುವ ಅಗತ್ಯವೇ ಬೀಳಬಾರದೆಂದು ತಾನೇ ಆ ವ್ಯವಸ್ಥೆ ಮಾಡಿದ್ದು!

ಐದು ಗಂಟೆಯ ಹೊತ್ತಿಗೆ ನಲವತ್ತೂ ಮೊಳೆ ತುಂಬಿದವು. ಕಾಕಾ ಬೋಟಿಗೆ ಸರಪಳಿ ಹಾಕಲು ಬಗ್ಗಿದ. ಅಷ್ಟರಲ್ಲಿ ಅಜ್ಜ ಮರದ ಕೆಳಗಿನಿಂದ ಎದ್ದು ಬಂದ.

“ಒಬ್ಬಾಕಿ ಬಂದಿಲ್ಲ.”

ನಾನು ಹಲಗೆ ತೋರಿಸಿದೆ. “ನಲವತ್ತೂ ಅದಾವ ಅಜ್ಜಾ.”

“ಬಿಲ್ಲಿ ಬಂದಾವ. ಆಕಿ ಬಂದಿಲ್ಲ. ಹಸರ ಇಳಕಲ್ ಸೀರಿ. ಎಡಗಾಲ ಎಳದ ಹಾಕ್ತಾಳ.”

“ಯಾವಾಗ ಹೋದ್ಲು?”

“ಮಧ್ಯಾಹ್ನ.”

“ಮಧ್ಯಾಹ್ನ ಅಂದ್ರ ಎಷ್ಟಕ್ಕ?”

“ನಾ ಗಡಿಯಾರ ನೋಡಿಲ್ಲ.”

“ನೀ ಮಕ್ಕೊಂಡಿದ್ದಿಲ್ಲಾ? ನಾನ ನೋಡೇನಿ, ಮೂರರ ಸುಮಾರ ನೀ ಗೊರಕಿ ಹೊಡ್ಯಾಕತ್ತಿದ್ದಿ.”

ಅವನು ತಡವರಿಸಿದ್ದನ್ನು ನಾನು ಕಂಡೆ, ಹೊಕ್ಕೆ. “ನೀ ಮಕ್ಕೊಂಡಾಗ ಆಕಿ ಬಂದಿರಬಹುದು, ಹೌದಲ್ಲೋ? ಐವತ್ತ ಹೆಜ್ಜಿ ದೂರದಿಂದ ಒಂದ ಕಣ್ಣಿಲೆ ಸೀರಿ ಬಣ್ಣ ಕಂಡ್ತ? ಕುಂಟೋ ಹೆಣಮಕ್ಕಳು ಇವತ್ತ ಒಬ್ಬಾಕೆ ಇದ್ದಳಂತ ಹೆಂಗ ಹೇಳ್ತಿ? ಹಿಂದ ಉಳದಿದ್ರ ಆಕಿ ಮನಿಯವರು ಸುಮ್ಮನ ಹೋಗ್ತಿದ್ರ?”

ಕಾಕಾ ನಡುವೆ ಬಂದ. “ಅಪ್ಪಾ, ನಾ ಕಡೀಕ ಕೂಗೀನಿ, ಯಾರರ ಅದೀರೇನ್ರಿ ಅಂತ. ಯಾರೂ ಓ ಅನ್ನಲಿಲ್ಲ.”

“ಮೋಟಾರ ಬಂದ್ ಮಾಡಿ ಕೂಗಿದ್ಯಾ?”

ಕಾಕಾ ಸರಪಳಿಯ ಕಡೆ ಕಣ್ಣಿಳಿಸಿದ. ಆದರೆ ನಾನು ಬಿಡಬೇಕಲ್ಲ! ಸಾಹೇಬರಿಗೆ ಒಪ್ಪಿಗೆಯಾದ ಪದ್ಧತಿ ಮೊದಲ ದೊಡ್ಡ ದಿನವೇ ಅಜ್ಜನ ಒಂದು ಮಾತಿಗೆ ಬಿದ್ದುಹೋದರೆ ನಾಳೆ ಸ್ಟೂಲು ಮತ್ತೆ ಕಟ್ಟೆಗೆ ಬರುತ್ತದೆ. ಈ ಗಾಳಿಯಲ್ಲಿ ಬೋಟು ಬಿಡುವುದೇ ಅಪಾಯ, ಇಲ್ಲದ ಒಬ್ಬಳಿಗಾಗಿ ಇರುವ ಮೂವರು ಮುಳುಗುವುದು ಯಾವ ನ್ಯಾಯ ಎಂದೆ. ಗಂಟಲು ಏರಿತು. ಹತ್ತು ನಿಮಿಷವಾದರೂ ಆಗಿತ್ತು. ಆ ಹತ್ತು ನಿಮಿಷದಲ್ಲಿ ನಾಲ್ಕನೆಯ ಮೆಟ್ಟಿಲ ಮೇಲೆ ನೀರು ಆಡತೊಡಗಿದ್ದನ್ನು ಮೂವರಲ್ಲಿ ನೋಡಿದವನು ಅಜ್ಜನೊಬ್ಬನೇ.

“ನೀ ಗೆದ್ದಿ ಬಿಡವಾ,” ಎಂದ. “ಈಗ ದಾರಿ ಬಿಡು.”

ನನ್ನನ್ನು ಬದಿಗೆ ಸರಿಸಿ ಇಳಿದು, ಹಂಸದ ಪೆಡಲ್ ಬೋಟಿನ ಹಗ್ಗ ಬಿಚ್ಚಲು ಕೂತ. ಎಪ್ಪತ್ತು ದಾಟಿದ ಮೊಣಕಾಲುಗಳಿಂದ ಪೆಡಲ್ ತುಳಿದುಕೊಂಡು ಆ ತೆರೆಯಲ್ಲಿ ಹೋಗುವವನಿದ್ದ! ಕಾಕಾಗೆ ಬೇರೆ ದಾರಿ ಉಳಿಯಲಿಲ್ಲ. “ಏ ಅಪ್ಪಾ, ಹುಚ್ಚ ಹಿಡದೈತೇನ! ಇಕಡೆ ಬಾ, ದೊಡ್ಡದ ಬಿಡ್ತೀನಿ,” ಎಂದು ಸರಪಳಿ ಬಿಚ್ಚಿದ. ನಾನೂ ಹತ್ತಿದೆ. ನಂಬಿಕೊಂಡು ಹತ್ತಲಿಲ್ಲ. ಖಾಲಿ ಗಡ್ಡೆಯನ್ನು ಅವನ ಕಣ್ಣಿಗೇ ತೋರಿಸಿ ಈ ಮಾತನ್ನು ಕಾಯಂ ಮುಗಿಸಲು ಹತ್ತಿದೆ.

ನಡುಕೆರೆಗೆ ಬಂದಾಗ ಬೋಟಿನ ಮೂತಿ ಎದ್ದೆದ್ದು ಬೀಳುತ್ತಿತ್ತು. ಒಂದೊಂದು ತೆರೆಗೂ ನೀರು ಒಳಗೆ ಸಿಡಿಯುತ್ತಿತ್ತು. ನಾನು ಸರಳು ಹಿಡಿದು ಕೂತಿದ್ದೆ. ಅಜ್ಜನ ಕಂಬಳಿ ತೊಯ್ದು ನನ್ನ ಭುಜಕ್ಕೆ ಒರಗಿತ್ತು.

ಗಡ್ಡೆ ಅರ್ಧಕ್ಕರ್ಧ ಇಲ್ಲವಾಗಿತ್ತು. ಜನ ಬುತ್ತಿ ಬಿಚ್ಚಿ ಕೂಡುತ್ತಿದ್ದ ಬಯಲೆಲ್ಲ ನೀರು. ಗುಡಿಯ ಕಲ್ಲುಕಟ್ಟೆಯೊಂದೇ ಮೇಲೆ. ಕಾಕಾ ಕೂಗಿದ, ನಾನೂ ಕೂಗಿದೆ. ಏನೂ ಇಲ್ಲ. ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಆ ಕ್ಷಣ ನನಗೆ ಒಳಗೊಳಗೆ ಸಮಾಧಾನವಾಯಿತು. ಅಜ್ಜನ ಮುಖ ನೋಡಿದೆ.

“ಮೋಟಾರ ಬಂದ್ ಮಾಡ್,” ಎಂದ ಅಜ್ಜ.

“ಬಂದ್ ಮಾಡಿದ್ರ ಗಾಳಿ ಒಯ್ತೈತಿ ಅಪ್ಪಾ.”

“ಒಯ್ಯಲಿ. ಬಂದ್ ಮಾಡ್.”

ಮೋಟಾರು ನಿಂತಿತು. ಬೋಟು ತಿರುಗುತ್ತ ತೇಲತೊಡಗಿತು. ದಂಡೆಯ ಸ್ಪೀಕರಿನ ಹಾಡು ನೀರಿನ ಮೇಲೆ ಸಣ್ಣಗೆ ಬರುತ್ತಿತ್ತು. ಅಜ್ಜ ಎದ್ದು ನಿಂತು, ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ, ಹಿಂಡು ಕರೆಯುವ ಉದ್ದನೆಯ ದನಿ ತೆಗೆದ. ಒಮ್ಮೆ. ಎರಡನೆಯ ಸಲ. ಮೂರನೆಯ ಸಲ ಮುಗಿಯುವ ಮೊದಲೇ ಗುಡಿಯ ಹಿಂದಿನಿಂದ “ಯಪ್ಪೋ” ಎಂದು ಒಂದು ಬಿರುಕು ದನಿ ಬಂತು.

ಗುಡಿಯ ಹಿಂಬದಿಗೆ ತಗ್ಗಿತ್ತು. ನೀರು ಅಲ್ಲಿಂದ ನುಗ್ಗಿ ಅವಳನ್ನು ಗುಡಿಯಿಂದ ಬೇರೆ ಮಾಡಿಬಿಟ್ಟಿತ್ತು. ಜಾಲಿಯ ಟೊಂಗೆಯನ್ನು ಎರಡೂ ತೋಳಿನಿಂದ ತಬ್ಬಿ, ಸೊಂಟದ ಮಟ ನೀರಿನಲ್ಲಿ ನಿಂತಿದ್ದಳು. ಹಸಿರು ಇಳಕಲ್ ಸೀರೆ. ಮುಳ್ಳಿಗೆ ತೋಳೆಲ್ಲ ರಕ್ತ. ಕಾಕಾ ಹಗ್ಗ ಕಟ್ಟಿಕೊಂಡು ಇಳಿದು ಅವಳನ್ನು ಎಳೆದು ತಂದ. ಮೇಲೆ ಹತ್ತಿಸುವಾಗ ಅವಳ ಕಾಲು ನನ್ನ ಕೈಗೆ ಸಿಕ್ಕಿತು, ಎಡಗಾಲು. ಅದು ಬಲಗಾಲಿಗಿಂತ ತೆಳ್ಳಗಿತ್ತು.

ಅಜ್ಜ ತನ್ನ ಕಂಬಳಿಯನ್ನು ಅವಳಿಗೆ ಸುತ್ತಿದ. “ಯಾವೂರವಾ?”

“ಕೌಜಲಗಿ... ತವರಮನಿ,” ಅವಳ ಹಲ್ಲು ಕಟಕಟ ಅನ್ನುತ್ತಿದ್ದವು. “ಬೋಟ್ ಬಂತಂತ ಲಗುಲಗು ಬರಾಕತ್ತಿದ್ನಿ. ತಗ್ಗಿನಾಗ ನೀರ ಬಂದಿತ್ತು, ಕಾಲ ಜಾರೂ ಅಂಜಿಕಿಗೆ ನಿಂತ್ನಿ. ಒದರಿದ್ನಿ. ಯಾರಿಗೂ ಕೇಳಲಿಲ್ಲ.”

ನಾವು ಕಟ್ಟೆಗೆ ಬರುವಷ್ಟರಲ್ಲಿ ಸಂಚಿಯ ಮುದುಕಿ ಅಲ್ಲಿ ನಿಂತು ಎದೆ ಬಡಿದುಕೊಳ್ಳುತ್ತಿದ್ದಳು. ಅವರ ಮನೆಯವರು ಎರಡು ಟಂಟಂನಲ್ಲಿ ಬಂದಿದ್ದರು. ಮಗಳು ಮುಂದೆ ಇಳಿದು ಅಣ್ಣನ ಗಾಡಿಯ ಕಡೆ ಹೋಗಿದ್ದಾಳೆಂದು ತಾಯಿಯಾದ ಮುದುಕಿ ತಿಳಿದಿದ್ದಳು, ಅವ್ವನ ಜೊತೆ ಇದ್ದಾಳೆಂದು ಅಣ್ಣ. ಗಾಡಿಗಳು ರಸ್ತೆಗೆ ಹತ್ತುವಾಗ ಗೊತ್ತಾಗಿ ತಿರುಗಿ ಬಂದಿದ್ದರು. ಹೆಣ್ಣುಮಕ್ಕಳು ಆಟದಲ್ಲಿ ಬಿಲ್ಲೆ ಕಳೆದಾರೆಂದು ಏಳೂ ಜನರದನ್ನು ಮುದುಕಿ ಮೊದಲೇ ಇಸಿದುಕೊಂಡು ತನ್ನ ಸಂಚಿಯಲ್ಲಿ ಕಾಪಾಡಿದ್ದಳು. ನಮ್ಮ ಕಡೆಯ ಮನೆಗಳಲ್ಲಿ ಹಾಗೆಯೇ. ಬೀಗದ ಕೈ, ಬಸ್ಸಿನ ಟಿಕೀಟು, ಎಲ್ಲರದೂ ಹಿರಿಯಳ ಸೊಂಟದಲ್ಲಿ. ಅದು ನನಗೂ ಗೊತ್ತಿತ್ತು. ನಮ್ಮ ಅಜ್ಜಿಯೂ ಹಾಗೇ ಮಾಡುತ್ತಿದ್ದಳು. ತಲೆಗೊಂದು ಬಿಲ್ಲೆ ಎಂದು ಬರೆಯುವಾಗ ಮಾತ್ರ ನಾನು ಯಾವುದೋ ಬೇರೆ ಊರಿನವಳಾಗಿದ್ದೆ.

ಅವರೆಲ್ಲ ಹೋದಮೇಲೆ ನಾನು ಅಜ್ಜನ ಬಳಿ ಮೆಟ್ಟಿಲ ಮೇಲೆ ಕೂತೆ. ಕಂಬಳಿ ಅವಳ ಮೈಮೇಲೇ ಹೋಗಿತ್ತು, ಅವನು ಬರೀ ಅಂಗಿಯಲ್ಲಿ ನಡುಗುತ್ತಿದ್ದ.

“ಅಜ್ಜಾ, ನಿನಗ ಖಾತ್ರಿ ಇತ್ತ?”

“ಇಲ್ಲ.”

“ಮತ್ತ ಅಷ್ಟ ಗಟ್ಟಿಸಿ ಹೇಳಿದ್ಯಲ್ಲೋ, ಬಂದಿಲ್ಲ ಅಂತ?”

“ನಾ ಜ್ವಂಪ ಹತ್ತಿ ಮಕ್ಕೊಂಡಿದ್ನಿ. ಆವಾಗ ಬಂದಳೋ ಇಲ್ಲೋ, ನನಗೇನ ಗೊತ್ತ? ಖಾತ್ರಿ ಇಲ್ಲಂತನ ಹೋಗಬೇಕಿತ್ತು.” ಅಜ್ಜ ನಕ್ಕ. “ಬಂದಾಳೋ ಏನೋ ಅಂತ ಮೆತ್ತಗ ಅಂದಿದ್ರ ನೀ ಬೋಟ್ ಬಿಡಾಕ ಬಿಡ್ತಿದ್ದೇನ?”

ಬಿಡುತ್ತಿರಲಿಲ್ಲ. ಎದುರಿನವನಿಗೆ ಖಾತ್ರಿ ಇಲ್ಲ ಎಂದರೆ ನಾನು ಗೆದ್ದೆ ಎಂದಷ್ಟೇ ನನಗೆ ಗೊತ್ತಿತ್ತು. ಯಾವುದನ್ನೂ ಸುಮ್ಮನೆ ನಂಬದವಳು ನಾನು ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಆ ಸಂಜೆ ನಲವತ್ತು ಕಟ್ಟಿಗೆಯ ತುಂಡುಗಳನ್ನು ನಂಬಿ ನಿಂತವಳು ನಾನು, ಸಂಶಯಪಟ್ಟವನು ಅವನು.

ಮರುದಿನ ಬೆಳಿಗ್ಗೆ ಕಾಕಾ ಯಾರನ್ನೂ ಕೇಳದೆ ಸ್ಟೂಲನ್ನು ಒರೆಸಿ ಕಟ್ಟೆಯ ಮೇಲೆ ಇಟ್ಟ. ಮಂದಿ ಬರುವ ಮೊದಲು ಅಜ್ಜನನ್ನು ಕರೆದ. ಅಜ್ಜ ಬಂದು ಸ್ಟೂಲು ನೋಡಿದ, ಕೂಡಲಿಲ್ಲ.

“ಇನ್ನ ಬ್ಯಾಡೋ ಲಕ್ಕಪ್ಪಾ. ನಾ ಮಕ್ಕೊಂಡಿದ್ನಿ ನಿನ್ನಿ.”

ಕಾಕಾ ನನ್ನ ಕಡೆ ನೋಡಿದ. ನಾನು ವಾದಕ್ಕೆ ನಿಂತೆ. ಬೆಳಗಾವಿಯಲ್ಲಿ ಕಲಿತದ್ದನ್ನೆಲ್ಲ ಹೊರಗೆ ತೆಗೆದೆ. ಬಿಲ್ಲೆಯೂ ಇರಲಿ, ನಾನು ಒಬ್ಬೊಬ್ಬರ ಕೈಯಿಂದಲೇ ಇಸಿದುಕೊಳ್ಳುತ್ತೇನೆ, ನೀನು ಮುಖ ನೋಡು ಎಂದೆ. ಒಂದು ಕಣ್ಣು ಸಾಕು, ಮತ್ತೊಂದರ ಪೊರೆ ತೆಗೆಸೋಣ ಎಂದೆ. ಐವತ್ತು ಹೆಜ್ಜೆಯಿಂದ ನಡಿಗೆ ಗುರುತಿಸಿದವನು ಐದು ಹೆಜ್ಜೆಯಿಂದ ಏನೆಲ್ಲ ಕಂಡಾನು ಎಂದೆ. ನಿದ್ದೆ ಬಂದರೆ ನಾನು ಎಬ್ಬಿಸುತ್ತೇನೆ ಎಂದೆ. ನನ್ನ ದನಿ ಒಡೆದಿದ್ದು ನನಗೇ ಕೇಳಿಸಿತು. ಅಂಥ ಒಳ್ಳೆಯ ವಾದವನ್ನು ನಾನು ಯಾವ ವೇದಿಕೆಯ ಮೇಲೂ ಮಾಡಿರಲಿಲ್ಲ.

ಅಜ್ಜ ಕೊನೆಯತನಕ ಕೇಳಿದ. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟ.

“ಆವತ್ತ ಉಣ್ಣಾಕ ಕುಂತಾಗ ಹೇಳಿದ್ಯಲ್ಲ ಮಾಲವ್ವಾ, ಅದು ಖರೆ ಇತ್ತು. ಇವತ್ತ ಹೇಳಾಕತ್ತಿದ್ದು ಬರೇ ನನ್ನ ಮ್ಯಾಲಿನ ಮಾಯೆ.”

ಸ್ಟೂಲನ್ನು ನನ್ನ ಕಡೆ ಸರಿಸಿ, ಮೆಟ್ಟಿಲು ಹತ್ತಿ ಹೋದ. ಮೊದಲ ಟ್ರಿಪ್ಪಿಗೆ ಮಂದಿ ಆಗಲೇ ಇಳಿದು ಬರುತ್ತಿದ್ದರು. ನಾನು ಕಣ್ಣೊರೆಸಿಕೊಂಡು ಅವರ ಮುಖಗಳನ್ನು ನೋಡತೊಡಗಿದೆ.